ಜಾಣ ಹುಡುಗನ ಅಳು

ಬುದ್ಧಿವಂತ ಮಗುವಿನಷ್ಟು ಸುಲಭವಾಗಿ ದೊಡ್ಡವರ ಕೈಗೆ ಆಟದ ಸಾಮಾನಾಗುವ ವಸ್ತು ಲೋಕದಲ್ಲಿ ಇನ್ನೊಂದಿಲ್ಲ. ಮನೆಗೆ ನಾಲ್ಕು ಜನ ಅತಿಥಿಗಳು ಬಂದರೆ ಸಾಕು. ಒಳಗೆಲ್ಲೋ ತನ್ನ ಪಾಡಿಗೆ ತಾನು ಗೋಡೆಯ ಮೇಲೆ ಗೀಚುತ್ತ ಕುಳಿತಿದ್ದ ಮಗುವನ್ನು ಹಿಡಿದು ತಂದು ನಡುಮನೆಯಲ್ಲಿ ನಿಲ್ಲಿಸುತ್ತೇವೆ. ಹದಿನೇಳರ ಮಗ್ಗಿ ಹೇಳಿಸುತ್ತೇವೆ; ದೇಶಗಳ ರಾಜಧಾನಿಗಳನ್ನು ಒಪ್ಪಿಸುವಂತೆ ಮಾಡುತ್ತೇವೆ. ಮಗು ಹೇಳಿ ಮುಗಿಸಿದೊಡನೆ ಎಲ್ಲರೂ ‘ಭಲೆ’ ಎನ್ನುತ್ತಾರೆ, ತಾಯಿತಂದೆಗಳ ಮುಖ ಅರಳುತ್ತದೆ, ಕಾಫಿ ಬರುತ್ತದೆ. ಆ ಹೊತ್ತಿನಲ್ಲಿ ಮಗುವಿನ ಮನಸ್ಸಿನಲ್ಲಿ ಏನಿತ್ತೆಂದು ವಿಚಾರಿಸುವ ಪದ್ಧತಿ ನಮ್ಮಲ್ಲಿಲ್ಲ.

ಈ ಮಾತು ನೆನಪಾದುದು ನಮ್ಮ ನಡುಮನೆಯಲ್ಲಲ್ಲ, ಬಹು ದೂರದ ಬಾರ್ಸಿಲೋನಾ ನಗರದ ಒಂದು ಚಿತ್ರಮಂದಿರದಲ್ಲಿ. ನನ್ನ ತಮ್ಮ ಅಲ್ಲಿ ಕೆಲಸದಲ್ಲಿದ್ದಾನೆ. 2025ರ ಏಪ್ರಿಲ್ ತಿಂಗಳಲ್ಲಿ ರಜೆಯ ನೆಪದಿಂದ ಅವನ ಮನೆಗೆ ಹೋಗಿದ್ದಾಗ, ಅಲ್ಲಿಯ ಶಾಲೆಯಲ್ಲಿ ಓದುತ್ತಿರುವ ಅವನ ಹತ್ತು ವರ್ಷದ ಮಗಳು ನನ್ನನ್ನು ‘ವೋಲ್ಫ್‌ಗಾಂಗ್’ ಎಂಬ ಚಿತ್ರಕ್ಕೆ ಎಳೆದುಕೊಂಡು ಹೋದಳು. ಚಿತ್ರ ಕ್ಯಾಟಲನ್ ಭಾಷೆಯದು. ನನಗೆ ಆ ಭಾಷೆಯ ಗಂಧವೂ ಇಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಕ್ಯಾಟಲನ್ ಆಡುವ ಆ ಹುಡುಗಿ ಪಕ್ಕದಲ್ಲಿ ಕುಳಿತು, ಪರದೆಯ ಮಾತನ್ನೆಲ್ಲ ನನ್ನ ಕಿವಿಯಲ್ಲಿ ಕನ್ನಡಕ್ಕೆ ಇಳಿಸುತ್ತ ಹೋದಳು. ಇಪ್ಪತ್ತು ವರ್ಷ ಪಾಠ ಹೇಳಿದ ಮೇಷ್ಟರಿಗೆ ಹತ್ತು ವರ್ಷದ ಮಗು ವ್ಯಾಖ್ಯಾನಕಾರಳಾದಳು. ಈ ಚಿತ್ರವನ್ನು ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ರೀತಿ ಇರಲಾರದೆಂದು ಆಮೇಲೆ ತೋರಿತು.

ಕಥೆ ಸರಳವಾದುದು. ವೋಲ್ಫ್‌ಗಾಂಗ್ ಹತ್ತು ವರ್ಷದ ಬಾಲಕ. ಅವನ ಐ.ಕ್ಯೂ. 152. ಆಟಿಸಂ ಎಂದು ವೈದ್ಯರು ಕರೆಯುವ ಮನೋಭೇದವೂ ಅವನಿಗಿದೆ. ತಾಯಿ ಹಠಾತ್ತಾಗಿ ತೀರಿಕೊಳ್ಳುತ್ತಾಳೆ. ಹುಟ್ಟಿದಂದಿನಿಂದ ಮುಖ ಕಾಣದ ತಂದೆ ಕಾರ್ಲೆಸ್ ಎಂಬಾತನ ಮನೆಗೆ ಅವನು ಹೋಗಬೇಕಾಗುತ್ತದೆ. ಹುಡುಗನಿಗೆ ಎಲ್ಲವೂ ಕ್ರಮಬದ್ಧವಾಗಿರಬೇಕು; ತಂದೆಗೋ ಕ್ರಮವೆಂಬುದರ ಪರಿಚಯವೇ ಇಲ್ಲ. ಹುಡುಗನ ಗುಟ್ಟಿನ ಸಂಕಲ್ಪವೆಂದರೆ ಪ್ಯಾರಿಸಿಗೆ ಓಡಿಹೋಗಿ, ಅಲ್ಲಿಯ ಒಂದು ಸಂಗೀತಶಾಲೆಯನ್ನು ಸೇರಿ, ಜಗತ್ತಿನ ಅತ್ಯುತ್ತಮ ಪಿಯಾನೋ ವಾದಕನಾಗುವುದು. ಇಷ್ಟರ ಮೇಲೆ ಮುಂದಿನದನ್ನು ವಾಚಕರೇ ಊಹಿಸಬಹುದು. ಕೊನೆಯನ್ನು ಹೇಳಿಬಿಡುವುದು ವಿಮರ್ಶಕನ ಧರ್ಮವಲ್ಲ. ಲಾಯಾ ಅಗಿಲಾರ್ ಎಂಬ ಲೇಖಕಿ 2016ರಲ್ಲಿ ಪ್ರಕಟಿಸಿದ ಕಾದಂಬರಿ ಇದಕ್ಕೆ ಮೂಲ. ನಿರ್ದೇಶಕ ಹಾವಿಯೆರ್ ರುಯಿಸ್ ಕಾಲ್ದೆರಾ ನಗೆಚಿತ್ರಗಳಿಗೆ ಹೆಸರಾದವರು. ತಂದೆಯಾಗಿ ಮಿಕಿ ಎಸ್ಪರ್ಬೆ, ಮಗನಾಗಿ ಜೋರ್ಡಿ ಕಾತಾಲಾನ್ ಎಂಬ ಬಾಲಕ ಅಭಿನಯಿಸಿದ್ದಾರೆ. ಚಿತ್ರ 2025ರ ಮಾರ್ಚಿಯಲ್ಲಿ ತೆರೆಗೆ ಬಂದಿತು.

ಮೊದಲು ಈ 152 ಎಂಬ ಅಂಕಿಯನ್ನು ಕುರಿತು ಒಂದು ಮಾತು. ಸರಾಸರಿಯನ್ನು 100 ಎಂದು ಹಿಡಿಯುವ ಈ ಅಳತೆಯಲ್ಲಿ 152ನ್ನು ಮುಟ್ಟುವವರು ಸಾವಿರಕ್ಕೆ ಒಬ್ಬರೂ ಸಿಗುವುದಿಲ್ಲ. ಆದರೆ ಈ ಅಳತೆಗೋಲು ಹುಟ್ಟಿದುದು ಯಾತಕ್ಕೆ? 1905ರಲ್ಲಿ ಆಲ್‌ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೋನ್ ಎಂಬಿಬ್ಬರು ಮಕ್ಕಳ ಬುದ್ಧಿಯನ್ನು ಪರೀಕ್ಷಿಸುವ ಒಂದು ಕ್ರಮವನ್ನು ರಚಿಸಿದರು. ತರಗತಿಯಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸಿ ಅವರಿಗೆ ಹೆಚ್ಚಿನ ನೆರವು ಕೊಡಬೇಕೆಂಬುದು ಅದರ ಉದ್ದೇಶ. ಆ ಫಲಿತಾಂಶವನ್ನು ಒಂದು ಭಾಗಲಬ್ಧವಾಗಿ ಹೇಳುವ ಪದ್ಧತಿ 1912ರಲ್ಲಿ ವಿಲಿಯಮ್ ಸ್ಟರ್ನ್ ಎಂಬ ಜರ್ಮನ್ ವಿದ್ವಾಂಸನಿಂದ ಬಂದಿತು. ಕೈಹಿಡಿದು ನಡೆಸಬೇಕಾದ ಮಕ್ಕಳನ್ನು ಹುಡುಕುವುದಕ್ಕೆಂದು ಮಾಡಿದ ದೀಪವನ್ನು ಲೋಕವು ತಿರುಗಿಸಿಕೊಂಡು ಜಾಣಮಕ್ಕಳ ಮುಖಕ್ಕೆ ಹಿಡಿಯಿತು. ಬಿನೆ ಕೆಲಸ ಮಾಡಿದ ಊರು ಪ್ಯಾರಿಸ್. ನಮ್ಮ ವೋಲ್ಫ್‌ಗಾಂಗ್ ಓಡಿಹೋಗಬೇಕೆಂದಿರುವುದೂ ಪ್ಯಾರಿಸಿಗೇ. ಚಿತ್ರ ಮಾಡಿದವರಿಗೆ ಇದು ಹೊಳೆದಿತ್ತೋ ಇಲ್ಲವೋ; ನನಗಂತೂ ಅರ್ಥಪೂರ್ಣವಾಗಿ ಕಂಡಿತು. ಹುಡುಗನಿಗೆ ಬೇಕಾದುದು ಬಿನೆ ಮೊದಲು ಯೋಚಿಸಿದ ನೆರವು. ಅವನಿಗೆ ದೊರೆತುದು ಒಂದು ಅಂಕಿ.

ಇನ್ನು ಹೆಸರು. ಮಗನಿಗೆ ವೋಲ್ಫ್‌ಗಾಂಗ್ ಎಂದು ಹೆಸರಿಟ್ಟ ಮೇಲೆ ಮೊತ್ಸಾರ್ಟನ ನೆನಪು ಬರದೆ ಇರುವುದು ಸಾಧ್ಯವಿಲ್ಲ. 1756ರಲ್ಲಿ ಸಾಲ್ಸ್‌ಬರ್ಗಿನಲ್ಲಿ ಹುಟ್ಟಿದ ಆ ಬಾಲಕನನ್ನೂ ಅವನ ಅಕ್ಕ ನಾನ್ನೆರ್ಲಳನ್ನೂ ತಂದೆ ಲಿಯೊಪೋಲ್ಡ್ 1763ರಿಂದ ಮೂರು ವರ್ಷಕ್ಕೂ ಮಿಕ್ಕಿ ಯೂರೋಪಿನ ಊರೂರಿಗೆ ಕರೆದೊಯ್ದು ದೊರೆಗಳ ಮುಂದೆ ನುಡಿಸಿದುದನ್ನು ಎಲ್ಲರೂ ಬಲ್ಲರು. ನಮ್ಮ ನಡುಮನೆಯ ಮಗ್ಗಿಯೇ ಅಲ್ಲಿ ಅರಮನೆಗೆ ಏರಿತ್ತು. ಆದರೆ ಈ ಚಿತ್ರಕ್ಕೆ ಹೆಚ್ಚು ಹತ್ತಿರವಾದ ಸಂಗತಿ 1778ರದು. ಮೊತ್ಸಾರ್ಟನಿಗೆ ಆಗ ಇಪ್ಪತ್ತೆರಡು ವರ್ಷ. ಕೆಲಸ ಹುಡುಕಿಕೊಂಡು ತಾಯಿ ಆನ್ನಾ ಮಾರಿಯಾಳೊಡನೆ ಪ್ಯಾರಿಸಿಗೆ ಹೋಗಿದ್ದ. ಜುಲೈ 3ರಂದು ತಾಯಿ ಅಲ್ಲಿ ತೀರಿಕೊಂಡಳು. ಆ ರಾತ್ರಿ ಅವನು ತಂದೆಗೆ ಬರೆದ ಕಾಗದದಲ್ಲಿ ತಾಯಿಗೆ ಬಹಳ ಕಾಯಿಲೆಯೆಂದು ಮಾತ್ರವೇ ತಿಳಿಸಿದ. ನಿಜವನ್ನು ಸಾಲ್ಸ್‌ಬರ್ಗಿನ ಒಬ್ಬ ಸ್ನೇಹಿತನಿಗೆ ಬರೆದು, ತಂದೆಯನ್ನು ಆ ಸುದ್ದಿಗೆ ಸಿದ್ಧಗೊಳಿಸಬೇಕೆಂದು ಬೇಡಿಕೊಂಡ. ಕೆಲವು ದಿನ ಕಳೆದ ಮೇಲೆ ತಂದೆಗೆ ನಿಜ ಹೇಳಿದ. ಸಂಗೀತದ ಯಾವ ಗಂಟನ್ನಾದರೂ ಬಿಡಿಸಬಲ್ಲವನಿಗೆ ‘ಅಮ್ಮ ಹೋದಳು’ ಎಂಬ ಎರಡು ಮಾತು ಕೂಡಿಬರಲಿಲ್ಲ. ಕ್ಯಾಟಲನ್ ಬಾಲಕನ ಕಥೆ ಇದರ ಪ್ರತಿಬಿಂಬದಂತಿದೆ. ಅಲ್ಲಿ ಮಗ ಪ್ಯಾರಿಸಿನಲ್ಲಿ ತಾಯಿಯನ್ನು ಕಳೆದುಕೊಂಡ; ಇಲ್ಲಿ ತಾಯಿಯನ್ನು ಕಳೆದುಕೊಂಡ ಮಗ ಪ್ಯಾರಿಸಿನ ಕನಸು ಕಾಣುತ್ತಾನೆ. ಇಬ್ಬರಿಗೂ ಪ್ರತಿಭೆಯಿದೆ, ದುಃಖವನ್ನು ಹೇಳಿಕೊಳ್ಳುವುದಕ್ಕೆ ಆ ಪ್ರತಿಭೆ ಮಾತು ಕೊಡುವುದಿಲ್ಲ.

ನಮ್ಮ ಆಲಂಕಾರಿಕರು ಪ್ರತಿಭೆಯನ್ನು ಸ್ಮೃತಿಯಿಂದ ಬೇರ್ಪಡಿಸಿ ನೋಡಿದರು. ಕಂಡುದನ್ನು ಕಂಡಂತೆ ಮರಳಿ ಒಪ್ಪಿಸುವುದು ಒಂದು ಶಕ್ತಿ. ಹಿಂದೆ ಇಲ್ಲದುದನ್ನು ಕಾಣುವುದು ಬೇರೊಂದು. ಅಭಿನವಗುಪ್ತನ ಗುರು ಭಟ್ಟತೌತನು ಈ ಭೇದವನ್ನು ಬಹು ಚೆನ್ನಾಗಿ ಗುರುತಿಸಿದ್ದಾನೆ. ಈ ಒರೆಗಲ್ಲಿಗೆ ಹಚ್ಚಿದರೆ ಬಾಲಪ್ರತಿಭೆಯೆಂದು ನಾವು ಮೆರೆಸುವುದರಲ್ಲಿ ಹೆಚ್ಚಿನ ಪಾಲು ಸ್ಮೃತಿ, ಮತ್ತೊಂದು ಪಾಲು ಬೆರಳಿನ ಅಭ್ಯಾಸ. ವೋಲ್ಫ್‌ಗಾಂಗನು ಹಿಂದೆ ಕಾಣದಿದ್ದುದನ್ನು ಕಾಣಬೇಕಾಗಿರುವುದು ಪಿಯಾನೋದ ಮುಂದಲ್ಲ, ತಂದೆಯ ಮುಖದಲ್ಲಿ. ಅಲ್ಲಿ ಅವನೂ ನಮ್ಮ ನಿಮ್ಮ ಹಾಗೆ ಒಂದನೆಯ ತರಗತಿಯ ವಿದ್ಯಾರ್ಥಿ.

ಚಿತ್ರದ ನಿಜವಾದ ಸ್ವಾರಸ್ಯವಿರುವುದು ಅದರ ರಸಯೋಜನೆಯಲ್ಲಿ. ಹಾಸ್ಯವೂ ಕರುಣವೂ ಒಂದಕ್ಕೊಂದು ವಿರೋಧಿಗಳೆಂದು ಲಾಕ್ಷಣಿಕರ ಮತ. ತಾಯಿ ಸತ್ತ ಮನೆಯಲ್ಲಿ ನಗೆಯನ್ನೆಬ್ಬಿಸುವುದು ಸುಲಭವಲ್ಲ, ಎಬ್ಬಿಸಿದರೂ ಶೋಭಿಸಬೇಕಲ್ಲ? ಆನಂದವರ್ಧನನು ಧ್ವನ್ಯಾಲೋಕದಲ್ಲಿ ಇದಕ್ಕೊಂದು ದಾರಿ ತೋರಿಸಿದ್ದಾನೆ. ವಿರೋಧಿ ರಸಗಳನ್ನು ಬೇರೆ ಬೇರೆ ಆಶ್ರಯಗಳಲ್ಲಿ ನಿಲ್ಲಿಸಿದರೆ ಅವು ಕಚ್ಚಾಡುವುದಿಲ್ಲ. ಸಾವಿರ ವರ್ಷದ ಹಿಂದೆ ಕಾಶ್ಮೀರದಲ್ಲಿ ಹೇಳಿದ ಈ ಮಾತನ್ನು ಬಾರ್ಸಿಲೋನಾದವರು ಓದಿರಲಾರರು. ಆದರೂ ಅವರು ಮಾಡಿರುವುದು ಅದನ್ನೇ. ಚಿತ್ರದ ಮೊದಲ ಭಾಗದಲ್ಲಿ ನಗೆಯೆಲ್ಲ ತಂದೆಯ ಪಾಲು: ಇದ್ದಕ್ಕಿದ್ದಂತೆ ಬಾಗಿಲಿಗೆ ಬಂದು ನಿಂತ ಮಗ, ಆ ಮಗನ ನಿಯಮಗಳು, ತನಗಿಂತ ಹೆಚ್ಚು ತಿಳಿದ ಹತ್ತು ವರ್ಷದವನ ಮುಂದೆ ತಡವರಿಸುವ ದೊಡ್ಡ ಗಂಡಸು. ಹುಡುಗನನ್ನು ನೋಡಿ ನಗುವ ಪ್ರಸಂಗ ನಮಗೆ ಹೆಚ್ಚು ಬರುವುದಿಲ್ಲ. ಅವನ ಮೂಲಕ ನಾವು ದೊಡ್ಡವರನ್ನು ನೋಡಿ ನಗುತ್ತೇವೆ. ಶೋಕವೆಲ್ಲ ಹುಡುಗನಲ್ಲಿ, ಅದೂ ಮುಚ್ಚಿಟ್ಟ ಶೋಕ. ಚಿತ್ರ ಮುಂದುವರಿದಂತೆ ಆ ಶೋಕ ಮಗನಿಂದ ತಂದೆಗೆ ಸ್ವಲ್ಪ ಸ್ವಲ್ಪವಾಗಿ ದಾಟುತ್ತದೆ. ತಂದೆಯಲ್ಲಿದ್ದ ಹಗುರು ಮಗನ ಕಡೆಗೆ ಹಾಯುತ್ತದೆ. ಅವರಿಬ್ಬರೂ ಸಂಬಂಧಿಗಳಾಗುವುದು ರಕ್ತದಿಂದಲ್ಲ, ಈ ಕೊಡುಕೊಳೆಯಿಂದ.

ಇದೇ ಭಾಷೆಯ ಇನ್ನೊಂದು ಚಿತ್ರವನ್ನು ಇಲ್ಲಿ ನೆನೆಯದೆ ಇರಲಾರೆ. ಕಾರ್ಲಾ ಸಿಮೋನ್ ಅವರ ‘ಎಸ್ತಿಯು 1993’, ಎಂದರೆ ‘1993ರ ಬೇಸಗೆ’, 2017ರಲ್ಲಿ ಬಂದುದು. ಅದರಲ್ಲಿಯೂ ತಾಯಿ ತೀರಿಕೊಂಡ ಮಗು. ಅದರಲ್ಲಿಯೂ ಹೊಸ ಮನೆ. ಆರು ವರ್ಷದ ಫ್ರೀದಾ ಬಾರ್ಸಿಲೋನಾ ಬಿಟ್ಟು ಹಳ್ಳಿಯಲ್ಲಿರುವ ಸೋದರಮಾವನ ಮನೆಗೆ ಬರುತ್ತಾಳೆ. ಕಾಡಿನ ನಡುವೆ ಇರುವ ಮೇರಿಮಾತೆಯ ಮೂರ್ತಿಯ ಬಳಿ ಸತ್ತ ತಾಯಿಗೆಂದು ಸಿಗರೇಟನ್ನು ಇಟ್ಟುಬರುತ್ತಾಳೆ. ಮುಖಕ್ಕೆ ಬಣ್ಣ ಬಳಿದುಕೊಂಡು ಆರಾಮಕುರ್ಚಿಯಲ್ಲಿ ಒರಗಿ, ಆಯಾಸಗೊಂಡ ತಾಯಿಯಾಗಿ ಆಟವಾಡುತ್ತಾಳೆ. ಚಿತ್ರದ ಕೊನೆಯಲ್ಲಿ ಮಂಚದ ಮೇಲೆ ಕುಣಿದಾಡುತ್ತಿದ್ದವಳು ಕಾರಣವಿಲ್ಲದೆ ಅಳತೊಡಗುತ್ತಾಳೆ. ಆ ಅಳು ಬರುವುದಕ್ಕೆ ಒಂದು ಬೇಸಗೆಯೆಲ್ಲ ಬೇಕಾಯಿತು. ಫ್ರೀದಾಳಿಗೆ ಯಾವ ಐ.ಕ್ಯೂ.ವನ್ನೂ ಯಾರೂ ಅಳೆಯಲಿಲ್ಲ. ಅವಳು ಎಲ್ಲರಂಥ ಮಗು. ಕಲಾದೃಷ್ಟಿಯಿಂದ ಆ ಚಿತ್ರ ‘ವೋಲ್ಫ್‌ಗಾಂಗ್’ಗಿಂತ ಮೇಲಾದುದೆಂದು ಹೇಳಲು ನಾನು ಹಿಂಜರಿಯುವುದಿಲ್ಲ. ಆದರೆ ಎರಡನ್ನೂ ಎದುರುಬದುರು ಇಟ್ಟಾಗ ಒಂದು ಸಂಗತಿ ತಿಳಿಯಿತು. ಅಳು ಬಾರದ ಸಾಮಾನ್ಯ ಮಗುವನ್ನು ಕಂಡರೆ ದೊಡ್ಡವರಿಗೆ ಕಳವಳವಾಗುತ್ತದೆ. ಅಳು ಬಾರದ ಜಾಣಮಗುವನ್ನು ಕಂಡರೆ ‘ಎಷ್ಟು ಗಟ್ಟಿ ಮನಸ್ಸು’ ಎಂದು ಮೆಚ್ಚುತ್ತೇವೆ. ಜಾಣತನ ಮಗುವಿಗೆ ಮರೆಯಾಗುತ್ತದೆ, ನಮಗೆ ನೆಪವಾಗುತ್ತದೆ.

ಗುಣವನ್ನು ಹೇಳಿದಂತೆ ದೋಷವನ್ನೂ ಹೇಳಬೇಕು. ಮೊದಲನೆಯದಾಗಿ, ಆಟಿಸಂ ಇರುವ ಮಗುವನ್ನು ಕಥೆಗೆ ತರುವವರು ಅದಕ್ಕೊಂದು ಅದ್ಭುತ ಶಕ್ತಿಯನ್ನು ಕಟ್ಟಿಯೇ ತರಬೇಕೆಂಬ ಸಂಪ್ರದಾಯ ಬೆಳೆದುಬಿಟ್ಟಿದೆ. 1988ರ ‘ರೈನ್ ಮ್ಯಾನ್’ ಎಂಬ ಅಮೆರಿಕನ್ ಚಿತ್ರ ಈ ಕಲ್ಪನೆಯನ್ನು ಮನೆಮನೆಗೆ ಮುಟ್ಟಿಸಿತು. ವಾಸ್ತವದಲ್ಲಿ ಇಂಥ ಮಕ್ಕಳಲ್ಲಿ ಬಹುಮಂದಿಗೆ ಪಿಯಾನೋವೂ ಇಲ್ಲ, 152ವೂ ಇಲ್ಲ. ತಾಯಿತಂದೆಗಳ ನಿತ್ಯದ ತಾಳ್ಮೆಯೊಂದೇ ಉಂಟು. ಅಂಥ ತಾಯೊಬ್ಬಳು ಈ ಚಿತ್ರವನ್ನು ನೋಡಿ ಮನೆಗೆ ಹೋದರೆ, ತನ್ನ ಮಗುವಿನ ವಿಷಯದಲ್ಲಿ ಲೋಕಕ್ಕೆ ಒಪ್ಪಿಸಬೇಕಾದ ಲೆಕ್ಕ ಇನ್ನೊಂದು ಹೆಚ್ಚಿತೆಂದು ಅವಳಿಗೆ ಅನ್ನಿಸಬಹುದು. ಪ್ರತಿಭೆಯನ್ನು ಬದಿಗಿಟ್ಟು ಮಗುವನ್ನು ನೋಡಿ ಎಂದು ಹೇಳಹೊರಟ ಚಿತ್ರ, ನಮ್ಮನ್ನು ಒಳಗೆ ಕರೆಯುವುದಕ್ಕೆ ಆ ಪ್ರತಿಭೆಯನ್ನೇ ಬಾಗಿಲಿಗೆ ತೋರಣವಾಗಿ ಕಟ್ಟಿದೆ. ಎರಡನೆಯದಾಗಿ, ಅಶಿಸ್ತಿನ ತಂದೆ ಮತ್ತು ಶಿಸ್ತಿನ ಮಗ ಎಂಬ ಜೋಡಣೆ ಬಹಳ ಹಳೆಯದು. ಹೊಣೆಯರಿಯದ ಗಂಡಸನ್ನು ಒಂದು ಮಗು ಮನುಷ್ಯನನ್ನಾಗಿ ಮಾಡುವ ಕಥೆಯ ಮುಂದಿನ ತಿರುವು ಬೆಳ್ಳಿತೆರೆಗೆ ಹೊಸತಲ್ಲ. ಈ ಎರಡನೆಯ ದೋಷವನ್ನು ನಾನು ಮನ್ನಿಸಬಲ್ಲೆ. ಸಂಸಾರವಂದಿಗರು ಮಕ್ಕಳೊಡನೆ ಕುಳಿತು ನೋಡುವ ಚಿತ್ರಕ್ಕೆ ಪರಿಚಿತವಾದ ದಾರಿಯೇ ಕ್ಷೇಮ. ಮೊದಲನೆಯದನ್ನು ಮನ್ನಿಸುವುದು ಕಷ್ಟ.

ನಮ್ಮಲ್ಲಿ ಕೈಲಾಸಂ ಅವರು ಈ ದಿಕ್ಕಿನಲ್ಲಿ ಬಹು ಹಿಂದೆಯೇ ಯೋಚಿಸಿದ್ದರು. ಅವರ ‘ಟೊಳ್ಳುಗಟ್ಟಿ’ ನಾಟಕದಲ್ಲಿ ಪರೀಕ್ಷೆಯಲ್ಲಿ ಮಿಂಚುವ ಹುಡುಗನೇ ಟೊಳ್ಳು, ಶಾಲೆಯಲ್ಲಿ ದಡ್ಡನೆನಿಸಿದವನೇ ಗಟ್ಟಿ. ಆ ನಾಟಕವನ್ನು ತರಗತಿಯಲ್ಲಿ ಎಷ್ಟೋ ಸಲ ನಗುನಗುತ್ತ ಪಾಠ ಹೇಳಿದ್ದೇನೆ. ಈಗ ಯೋಚಿಸಿದರೆ, ಕೈಲಾಸಂ ಅವರ ತೀರ್ಪು ಸ್ವಲ್ಪ ಕಠಿನವೆಂದೇ ತೋರುತ್ತದೆ. ಜಾಣ ಹುಡುಗ ಟೊಳ್ಳಾಗುವುದು ತನ್ನ ತಪ್ಪಿನಿಂದಲೇ? ಒಳಗೆ ತುಂಬಬೇಕಾದುದನ್ನು ತುಂಬದೆ ಹೊರಗೆ ಬೆಳ್ಳಿಯ ತಗಡು ಹೊದಿಸಿದವರು ಯಾರು? ‘ವೋಲ್ಫ್‌ಗಾಂಗ್’ ಚಿತ್ರ ಈ ಪ್ರಶ್ನೆಯನ್ನು ಕೇಳುತ್ತದೆ, ಹುಡುಗನನ್ನು ದೂರುವುದಿಲ್ಲ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆಯುಂಟು, ವಾಚಕರು ಕ್ಷಮಿಸಬೇಕು. ಹನ್ನೆರಡು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಅಸಾಧಾರಣ ಬುದ್ಧಿಯ ಹುಡುಗನಿದ್ದ. ಹಳಗನ್ನಡದ ಪದ್ಯವನ್ನು ಒಮ್ಮೆ ಕೇಳಿದರೆ ಅನ್ವಯಸಹಿತವಾಗಿ ಒಪ್ಪಿಸುತ್ತಿದ್ದ. ಅಧ್ಯಾಪಕರ ಕೊಠಡಿಗೆ ಯಾರಾದರೂ ಬಂದರೆ ಅವನನ್ನು ಕರೆಸಿ ಒಂದೆರಡು ಪದ್ಯ ಹೇಳಿಸುವುದು ನನಗೆ ಹೆಮ್ಮೆಯ ವಿಷಯವಾಗಿತ್ತು. ಪರೀಕ್ಷೆಗೆ ಎರಡು ತಿಂಗಳಿರುವಾಗ ಅವನ ತಾಯಿ ತೀರಿಕೊಂಡಳು. ಹದಿನೈದು ದಿನ ಬಿಟ್ಟು, ತಲೆ ಬೋಳಿಸಿಕೊಂಡ ಹುಡುಗ ನನ್ನ ಮೇಜಿನ ಮುಂದೆ ಬಂದು ನಿಂತ. ತಪ್ಪಿಹೋದ ಪಾಠಗಳ ಟಿಪ್ಪಣಿಗಳನ್ನೆಲ್ಲ ಜೋಡಿಸಿಟ್ಟಿದ್ದೆ; ಅವನ ಕೈಗಿತ್ತು, ‘ರ‍್ಯಾಂಕ್ ಮಾತ್ರ ತಪ್ಪಬಾರದು’ ಎಂದೆ. ಅದು ಅಕ್ಕರೆಯೆಂದೇ ಆಗ ತಿಳಿದಿದ್ದೆ. ಹುಡುಗ ‘ಆಗಲಿ ಸಾರ್’ ಎಂದ, ರ‍್ಯಾಂಕನ್ನೂ ತಂದ. ಅವನ ತಾಯಿಯ ಹೆಸರೇನೆಂದು ನಾನು ಕೇಳಲಿಲ್ಲ. ಇಂದಿಗೂ ನನಗೆ ತಿಳಿಯದು. ಬಾರ್ಸಿಲೋನಾದ ಆ ಕತ್ತಲೆಯಲ್ಲಿ ಕುಳಿತು ಪರದೇಶದ ಬಾಲಕನಿಗಾಗಿ ಕಣ್ಣು ಒರೆಸಿಕೊಳ್ಳುತ್ತಿದ್ದಾಗ, ಆ ಬೋಳುತಲೆ ಎದುರಿಗೆ ಬಂದು ನಿಂತಿತು.

ಕೊನೆಯದಾಗಿ ಭಾಷೆಯ ಮಾತು. ಕ್ಯಾಟಲನ್ ಸ್ಪೇನಿನ ಈಶಾನ್ಯದ ಕ್ಯಾಟಲೋನಿಯ, ವಲೆನ್ಸಿಯ, ಬಾಲಿಯಾರಿಕ್ ದ್ವೀಪಗಳು, ಅಂಡೋರಾ ಮುಂತಾದ ಕಡೆಗಳಲ್ಲಿ ಆಡುವ ಭಾಷೆ. 1939ರಿಂದ 1975ರವರೆಗೆ ನಡೆದ ಫ್ರಾಂಕೋ ಆಳಿಕೆಯಲ್ಲಿ ಅದನ್ನು ಶಾಲೆಯಿಂದಲೂ ಕಚೇರಿಯಿಂದಲೂ ಹೊರದೂಡಿದ್ದರು. 1941ರಲ್ಲಿ, ಹೊರಗಿನ ಚಿತ್ರಗಳೆಲ್ಲವನ್ನೂ ಸ್ಪ್ಯಾನಿಷ್ ಭಾಷೆಗೆ ಡಬ್ ಮಾಡಿಯೇ ತೋರಿಸಬೇಕೆಂಬ ಆಜ್ಞೆ ಹೊರಟಿತು. ಆ ಕಾಲದಲ್ಲಿ ಶಾಲೆ ಕಲಿತ ಅನೇಕರು ಮನೆಯಲ್ಲಿ ಆಡುವ ನುಡಿಯನ್ನು ಬರೆಯಲಾರದವರಾಗಿ ಬೆಳೆದರು. ಆ ಭಾಷೆಯ ಚಿತ್ರಗಳು ಈಗ ಹೊರಗೆಲ್ಲ ಹೆಸರು ಪಡೆದಿವೆ. ಕಾರ್ಲಾ ಸಿಮೋನ್ ಅವರದೇ ‘ಅಲ್‌ಕರಾಸ್’ 2022ರಲ್ಲಿ ಬರ್ಲಿನ್ ಉತ್ಸವದ ಸ್ವರ್ಣಕರಡಿಯನ್ನು ಗೆದ್ದಿತು. ಆದರೆ ಉತ್ಸವಗಳಲ್ಲಿ ಗೆಲ್ಲುವ ಚಿತ್ರಗಳಿಂದಲೇ ಭಾಷೆ ಉಳಿಯುವುದಿಲ್ಲ. ಶನಿವಾರದ ಸಂಜೆ ಅಜ್ಜಿಯೂ ಮೊಮ್ಮಗಳೂ ಒಟ್ಟಿಗೆ ಕುಳಿತು ನಗಬಹುದಾದ, ಅತ್ತು ಹಗುರಾಗಬಹುದಾದ, ಮಧ್ಯಮ ತರಗತಿಯ ಒಳ್ಳೆಯ ಚಿತ್ರಗಳೂ ಬೇಕು. ‘ವೋಲ್ಫ್‌ಗಾಂಗ್’ ಅಂಥದು. ಅದರಲ್ಲಿ ಭಾಷಾಭಿಮಾನದ ಘೋಷಣೆ ನನ್ನ ಕಿವಿಗೆ ಬೀಳಲಿಲ್ಲ. ತಂದೆ ಮಗ ಜಗಳವಾಡುವುದಕ್ಕೆ ಆ ಭಾಷೆ ಬಳಕೆಯಾಗುತ್ತದೆ, ಅಷ್ಟೆ. ಭಾಷೆಗೆ ಅದಕ್ಕಿಂತ ದೊಡ್ಡ ಗೌರವ ಯಾವುದಿದೆ? ನಾನು ಅಲ್ಲಿದ್ದ ದಿನಗಳಲ್ಲೇ ಏಪ್ರಿಲ್ 23 ಬಂದಿತು. ಸಂತ ಜೋರ್ಡಿಯ ಹಬ್ಬ. ಪುಸ್ತಕವನ್ನೂ ಗುಲಾಬಿಯನ್ನೂ ಒಬ್ಬರಿಗೊಬ್ಬರು ಕೊಡುವ ದಿನ. ಬೀದಿಯುದ್ದಕ್ಕೂ ಪುಸ್ತಕದಂಗಡಿಗಳು, ಅವುಗಳ ಮುಂದೆ ನೂಕುನುಗ್ಗಲು. ಕನ್ನಡ ಮೇಷ್ಟರೊಬ್ಬನ ಹೊಟ್ಟೆಕಿಚ್ಚಿಗೆ ಇಷ್ಟು ಸಾಕು.

ಹೇಳದೆ ಉಳಿದುದು ಒಂದಿದೆ. ಚಿತ್ರದುದ್ದಕ್ಕೂ ನನ್ನ ಪುಟ್ಟ ವ್ಯಾಖ್ಯಾನಕಾರಳು ಒಂದು ಮಾತನ್ನೂ ಬಿಡದೆ ಕನ್ನಡಿಸಿದಳೆಂದೆನಷ್ಟೆ. ನಿಜ ಹೇಳಬೇಕೆಂದರೆ, ಹುಡುಗನ ತಾಯಿಯ ವಿಷಯ ಬಂದ ಒಂದೆಡೆಯಲ್ಲಿ ಅವಳು ಥಟ್ಟನೆ ಸುಮ್ಮನಾದಳು. ಸ್ವಲ್ಪ ಹೊತ್ತು ಕಾದೆ, ಮಾತು ಬರಲಿಲ್ಲ. ಹೊರಗೆ ಬಂದು ರಸ್ತೆ ದಾಟುವಾಗ ಕೇಳಿದೆ:

‘ಅಲ್ಲಿ ಅವರು ಏನು ಹೇಳಿದರು ಮಗು?’

ಅವಳು ನನ್ನ ಮುಖವನ್ನು ಒಮ್ಮೆ ನೋಡಿ, ‘ಯಾಕೆ ದೊಡ್ಡಪ್ಪ, ನಿಮಗೆ ತಿಳೀಲಿಲ್ವಾ?’ ಎಂದಳು.

ತಿಳಿದಿತ್ತು. ಮನೆ ತಲುಪುವವರೆಗೆ ಇಬ್ಬರೂ ಮತ್ತೇನೂ ಆಡಲಿಲ್ಲ.